ಭಟ್ಕಳವನ್ನು ದಕ್ಷಿಣಕ್ಕೆ ಕಳಿಸಿದ್ದು

ಗಂಡ ಹೆಂಡತಿ ಇಬ್ಬರೇ ಇರುವ ಮನೆಯಲ್ಲಿ ಇಪ್ಪತ್ತು ಜನರ ಅನ್ನ ಬೇಯುವ ಪಾತ್ರೆಯೊಂದಿದ್ದರೆ ಅದನ್ನು ಎಲ್ಲಿಡುವುದು ಎಂಬುದು ವಿದ್ವಾಂಸರು ಇನ್ನೂ ಕೈಹಾಕದ ಗಂಭೀರ ಸಮಸ್ಯೆ. ಒಲೆಯ ಕೆಳಗಿಟ್ಟರೆ ಕಾಲಿಗೆ ಬಡಿಯುತ್ತದೆ, ಅಟ್ಟಕ್ಕೇರಿಸಿದರೆ ಇಳಿಸುವವರ ಸೊಂಟ ಹಿಡಿಯುತ್ತದೆ, ಬಚ್ಚಲಲ್ಲಿಟ್ಟರೆ ನಮ್ಮನೆಯವರು ಅದರಲ್ಲಿ ಸ್ನಾನದ ನೀರು ತುಂಬಿಸುತ್ತಾರೆ. ಹಾಗಾಗಿ ಅದು ನಮ್ಮ ಜಗುಲಿಯಲ್ಲಿ ಟಿ.ವಿ.ಗೆ ಎದುರಾಗಿ, ದೂರದ ನೆಂಟನಂತೆ, ಹೊಟ್ಟೆ ಬಿಟ್ಟುಕೊಂಡು ಕೂತಿರುತ್ತದೆ. ಬಂದವರು "ಎಂತ, ಮದ್ವೆ ಗಿದ್ವೆ ಅದ್ಯಾ?" ಎನ್ನುತ್ತಾರೆ. ಇಲ್ಲ, ಬಾಸ್ಕೆಟ್‌ಬಾಲ್ ಇದೆ ಎನ್ನುತ್ತೇನೆ. ಅವರು ಚಹಾವನ್ನು ಬೇಗ ಕುಡಿದು ಹೊರಡುತ್ತಾರೆ.

ನೀವು ಹೊರಡಬೇಡಿ, ವಿವರಿಸುತ್ತೇನೆ. ನಮ್ಮ ಕರಾವಳಿಯಲ್ಲಿ ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್ ಲೀಗ್ ಒಂದಿದೆ. ಆಟಗಾರ್ತಿಯರ ಹರಾಜು, ಸಂಬಳ, ಬಣ್ಣಬಣ್ಣದ ಬನಿಯನ್ನು, ಅದರ ಬೆನ್ನಿನ ಮೇಲೊಂದು ಸಿಮೆಂಟ್ ಅಂಗಡಿಯ ಜಾಹೀರಾತು, ಹೀಗೆ ವೃತ್ತಿಪರ ಎನಿಸಿಕೊಳ್ಳಲು ಬೇಕಾದ ಸಕಲ ಲಕ್ಷಣಗಳೂ ಇರುವ ಲೀಗ್. ಹತ್ತು ತಂಡ, ಎರಡು ವಿಭಾಗ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಸೇರಿ ಉತ್ತರ. ಬೈಂದೂರಿನಿಂದ ಮಂಗಳೂರಿನ ತನಕದ ಐದು ಸೇರಿ ದಕ್ಷಿಣ. ಸೀಸನ್ ಪೂರ್ತಿ ಎಲ್ಲರೂ ತಮ್ಮ ವಿಭಾಗದೊಳಗೇ ಆಡಿಕೊಳ್ಳುತ್ತಾರೆ. ಕೊನೆಯಲ್ಲಿ ಉತ್ತರದಲ್ಲಿ ಗೆದ್ದವರು ದಕ್ಷಿಣದಲ್ಲಿ ಗೆದ್ದವರ ಎದುರು ಸೋಲುತ್ತಾರೆ.

ನನ್ನ ಮಗಳು ಸಹನಾ ಭಟ್ಕಳದ ತಂಡದಲ್ಲಿ ಆಡುತ್ತಾಳೆ. ಅಲ್ಲೇ ಬಾಡಿಗೆಯ ಕೋಣೆ, ವಾರವಿಡೀ ಶಾಲೆಯೊಂದರಲ್ಲಿ ಆಟದ ಟೀಚರ್ ಕೆಲಸ, ಸಂಜೆ ಅಭ್ಯಾಸ, ಶನಿವಾರ ಪಂದ್ಯ, ಭಾನುವಾರ ನಿದ್ದೆ. ನಮ್ಮ ಮನೆ ಹಳದೀಪುರದಲ್ಲಿ, ಹೆದ್ದಾರಿಗೆ ಅಂಟಿಕೊಂಡು. ಭಟ್ಕಳದವರು ಕುಮಟಾಕ್ಕೆ ಹೋಗಲಿ, ಅಂಕೋಲಾಕ್ಕೆ ಹೋಗಲಿ, ಕಾರವಾರಕ್ಕೆ ಹೋಗಲಿ, ಅವರ ಗಾಡಿ ನಮ್ಮ ಗೇಟಿನ ಮುಂದೆಯೇ ಹಾದುಹೋಗಬೇಕು. ಮೊದಲ ವರ್ಷ ನೀರು ಕುಡಿಯಲು ನಿಲ್ಲಿಸಿದರು. ನೀರು ಕೊಟ್ಟವಳು ಬೆಲ್ಲ ಕೊಟ್ಟೆ, ಬೆಲ್ಲ ಕೊಟ್ಟವಳು ಅವಲಕ್ಕಿ ಕಲಸಿದೆ, ಮುಂದಿನ ಸಲ ತದಡಿಯಿಂದ ಬಂದ ಬಂಗಡೆಯ ಸಾರು, ಕುಚ್ಚಲಕ್ಕಿ ಅನ್ನ. ಅಲ್ಲಿಗೆ ಹಳದೀಪುರದ ಊಟ ಎಂಬುದು ಲೀಗಿನ ಅಲಿಖಿತ ನಿಯಮವಾಯಿತು. ಹೊನ್ನಾವರದಲ್ಲಿ ಪಂದ್ಯವಿದ್ದರೂ, ಅಷ್ಟು ದೂರ ಬಂದವರು ಇನ್ನಷ್ಟು ಬರದಿದ್ದರೆ ನಾನು ಫೋನಿನಲ್ಲಿ ಬಿಡುವವಳಲ್ಲ. ಯಾವ ಹುಡುಗಿ ಎಷ್ಟು ಎತ್ತರ, ಯಾರು ಎಷ್ಟು ಬುಟ್ಟಿ ಹಾಕಿದರು ಎಂಬುದು ನನಗೆ ತಿಳಿಯದು. ಯಾರು ಮೀನಿನ ತಲೆ ಕೇಳುತ್ತಾರೆ, ಯಾರು ಅನ್ನದ ಮೇಲೆ ಮೊಸರು ಹಾಕಿಸಿಕೊಂಡು ಆಮೇಲೆ ಸಾರು ಬೇಕೆನ್ನುತ್ತಾರೆ ಎಂಬುದು ಮಾತ್ರ ಬಾಯಿಪಾಠ.

ಭಟ್ಕಳವೇನು ಲಂಡನ್ನೇ, ಬಸ್ಸು ಹತ್ತಬಾರದೇ ಎಂದು ನೀವು ಕೇಳುತ್ತೀರಿ. ಹತ್ತಿದ್ದೇನೆ. ಒಮ್ಮೆ ಹೇಳದೆ ಕೇಳದೆ ಹೋದೆ. ಅವಳು ಅಭ್ಯಾಸಕ್ಕೆ ಹೋಗಿದ್ದಳು. ಅವಳ ಮನೆಯೊಡತಿ ಜುಬೇದಾಬಿ ನನ್ನನ್ನು ಕೂರಿಸಿ, ಚಹಾ ಕೊಟ್ಟು, ನನ್ನ ಮಗಳ ಕುರಿತು ನನಗೇ ಗೊತ್ತಿಲ್ಲದ ನಾಲ್ಕು ಸಂಗತಿ ಹೇಳಿ, ಮುಡಿಗೆ ಭಟ್ಕಳದ ಮಲ್ಲಿಗೆ ಕೊಟ್ಟು ಕಳಿಸಿದರು. ಇನ್ನೊಮ್ಮೆ ಹೇಳಿ ಹೋದೆ. ಅವಳು ನನ್ನ ಮುಖ ನೋಡಿದಷ್ಟೇ ಸಲ ಗಡಿಯಾರವನ್ನೂ ನೋಡಿದಳು. ಮಂಚದ ತುದಿಯಲ್ಲಿ ಕೈಚೀಲ ಹಿಡಿದು ಕೂತ ತಾಯಿಗಿಂತ ನಿರುದ್ಯೋಗಿ ಪ್ರಾಣಿ ಈ ಲೋಕದಲ್ಲಿಲ್ಲ. ಮಗಳು ಹಸಿದು ನಮ್ಮ ಗೇಟು ತೆರೆದಾಗ ಹಾಗಲ್ಲ. ಆಗ ನನಗೊಂದು ಹುದ್ದೆಯಿದೆ.

ಇಷ್ಟು ಹೇಳಿದ ಮೇಲೆ ಮುಂದಿನ ಸಂಕಟ ನಿಮಗೆ ಅರ್ಥವಾಗುತ್ತದೆ. ಹೋದ ಸೀಸನ್ನಿನ ಕೊನೆಗೆ ನಮ್ಮನೆಯವರು ಫೋನಿನಲ್ಲಿ ಸುದ್ದಿ ಓದಿದರು: ಬರುವ ಸೀಸನ್ನಿಗೆ ಶಿರಸಿ ಮತ್ತು ಯಲ್ಲಾಪುರದ ಎರಡು ಹೊಸ ತಂಡಗಳು ಲೀಗಿಗೆ ಸೇರುತ್ತವೆ, ಎರಡೂ ಉತ್ತರ ವಿಭಾಗಕ್ಕೆ. ನಾನು ಸಂತೋಷಪಟ್ಟೆ. ಶಿರಸಿಗೂ ಯಲ್ಲಾಪುರಕ್ಕೂ ಹೋಗುವ ಭಟ್ಕಳದ ಗಾಡಿ ನಮ್ಮ ಗೇಟಿನ ಮುಂದೆಯೇ ಹೋಗಬೇಕಲ್ಲ! ಎರಡು ಊಟ ಹೆಚ್ಚಿಗೆ ಸಿಕ್ಕಿತು ಎಂದು ಮನಸ್ಸಿನಲ್ಲೇ ಬಂಗಡೆ ಕೊಯ್ಯತೊಡಗಿದೆ.

ನಮ್ಮನೆಯವರು ವಿದ್ಯುತ್ ಕಚೇರಿಯ ಲೈನ್‌ಮನ್. ಸಂತೋಷವನ್ನು ಕಂಡರೆ ಫ್ಯೂಸ್ ತೆಗೆಯುವುದು ಅವರ ಸ್ವಭಾವ. "ಉತ್ರದಲ್ಲಿ ಏಳು, ದಕ್ಷಿಣದಲ್ಲಿ ಐದು. ನಡೂದಿಲ್ಲ ಅದು" ಎಂದರು. "ಒಂದು ಫೇಸಿಗೆ ಲೋಡು ಜಾಸ್ತಿ ಆದ್ರೆ ಒಂದು ಲೈನು ತೆಗ್ದು ಆಚೆ ಹಾಕೂದೇ. ಯಾರಾದ್ರೂ ಒಬ್ರು ದಕ್ಷಿಣಕ್ಕೆ ಹೋಗ್ಬೇಕು."

"ಯಾರು?"

"ಯಾರು ಅಂದ್ರೆ? ತುದೀಲಿ ಇದ್ದವ್ರು. ಭಟ್ಕಳ."

ಭಟ್ಕಳದ ಗಾಡಿ ಊರಿನಿಂದ ಹೆದ್ದಾರಿಗೆ ಬಂದು, ಉತ್ತರಕ್ಕೆ ತಿರುಗುವ ಬದಲು ದಕ್ಷಿಣಕ್ಕೆ ತಿರುಗಿ ಬೈಂದೂರಿನ ಕಡೆ ಹೋಗುವುದು ನನ್ನ ಕಣ್ಣಿಗೆ ಕಟ್ಟಿತು. ಹಿಂದಿನ ಗಾಜಿನಲ್ಲಿ ಮಗಳ ಜಡೆ. ಆ ದಿನದಿಂದ ನನಗೆ ನಿದ್ದೆ ಸರಿಯಿಲ್ಲ. ಹಾಲು ಉಕ್ಕಿಸಿದೆ, ಕಾಗಾಲದ ತಂಗಿಯ ಮನೆಗೆ ಹೊರಟವಳು ಕುಮಟಾದಲ್ಲಿಳಿದು ಮತ್ತೆ ಹಳದೀಪುರದ ಬಸ್ಸನ್ನೇ ಹತ್ತಿದೆ. ಗಡಿ ಎಲ್ಲಿ, ಉತ್ತರ ಎಂದರೆ ಎಲ್ಲಿಯ ತನಕ, ಇದೇ ಧ್ಯಾನ. ಮುರುಗಲ ಹಣ್ಣನ್ನು ಎಲ್ಲಿಯವರೆಗೆ ಮುರುಗಲು ಎನ್ನುತ್ತಾರೋ ಅಲ್ಲಿಯವರೆಗೆ ಉತ್ತರ, ಪುನರ್ಪುಳಿ ಎನ್ನತೊಡಗಿದರೆ ದಕ್ಷಿಣ ಎಂದು ಒಂದು ಸಿದ್ಧಾಂತ ಮಾಡಿದೆ. ನದಿಯೇ ಸಹಜವಾದ ಗಡಿ ಎಂದು ಇನ್ನೊಂದನ್ನು ಹೊಸೆದು, ನಕಾಶೆ ತೆರೆದು ನೋಡಿದರೆ ಶರಾವತಿ ಹೊನ್ನಾವರವನ್ನು ಉತ್ತರದ ದಂಡೆಯಲ್ಲಿಟ್ಟು ಭಟ್ಕಳವನ್ನು ನಿರ್ದಾಕ್ಷಿಣ್ಯವಾಗಿ ದಕ್ಷಿಣಕ್ಕೆ ತಳ್ಳಿ ಹರಿಯುತ್ತಿದ್ದಳು. ಆ ಸಿದ್ಧಾಂತವನ್ನು ಅಲ್ಲೇ ನದಿಗೆ ಬಿಟ್ಟೆ.

ಕಡೆಗೆ ನನಗೆ ಗೊತ್ತಿರುವ ಒಂದೇ ವಿದ್ಯೆಗೆ ಕೈಹಾಕಿದೆ. ಪೋಸ್ಟ್ ಬರೆದೆ. ಬಾವಿಯ ಹಗ್ಗ ಹರಿದದ್ದರಿಂದ ಹಿಡಿದು ನಾದಿನಿಯ ಮಂಡಿನೋವಿನವರೆಗೆ ಎಲ್ಲವನ್ನೂ ಲೋಕಕ್ಕೆ ಹೇಳಿಕೊಂಡು ಬಂದವಳಿಗೆ ಇದೇನು ಕಷ್ಟ? "ಉತ್ತರ ಕನ್ನಡ ಜಿಲ್ಲೆಯ ತಂಡ ದಕ್ಷಿಣ ವಿಭಾಗದಲ್ಲೇ? ನಾಳೆ ಸೂರ್ಯನನ್ನೂ ಪಶ್ಚಿಮಕ್ಕೆ ವರ್ಗ ಮಾಡುವಿರಾ?" ಎಂದು ಶುರುಮಾಡಿ, ಇತಿಹಾಸ, ಭೂಗೋಳ, ಮಲ್ಲಿಗೆ ಎಲ್ಲವನ್ನೂ ಸೇರಿಸಿ, ಆವೇಶದ ಕೊನೆಯಲ್ಲಿ ಒಂದು ವಾಕ್ಯ ಹೆಚ್ಚಿಗೆ ಬರೆದೆ: ಬೇಕಾದರೆ ಹೊನ್ನಾವರ ಹೋಗಲಿ. ಅನ್ನ, ಸಾರು, ಮಗಳು ಎಂಬ ಮೂರು ಪದಗಳನ್ನು ಎಲ್ಲೂ ಬಳಸಲಿಲ್ಲ.

ಪೋಸ್ಟ್ ಓಡಿತು ನೋಡಿ, ನಿಲ್ಲಿಸುವವರಿಲ್ಲ. ಹಳದೀಪುರ ಹೊನ್ನಾವರ ತಾಲೂಕಿಗೆ ಸೇರಿದ್ದೆಂಬುದು ನನಗೆ ನೆನಪಾದದ್ದು ಪಕ್ಕದ ಮನೆಯ ಗಿರಿಜಕ್ಕ ಬೇಲಿಯ ಮೇಲೆ ಮುಖವಿಟ್ಟಾಗ.

"ಅಲ್ಲ ಮಾರಾಯ್ತಿ, ರೇಶನ್ ಕಾರ್ಡು ಹೊನ್ನಾವರದ್ದು, ವೋಟು ಹೊನ್ನಾವರದ್ದು. ಈಗ ಹೊನ್ನಾವರನ್ನೇ ಮಾರೂಕೆ ಹೊರಟ್ಯಲೆ?"

"ಮಾರೂದಲ್ಲ ಗಿರಿಜಕ್ಕ, ಬರೀ ಆಟಕ್ಕೆ."

"ಆಟಕ್ಕೆ ಊರು ಕೊಡೂದಾ? ನನ್ನ ಮೊಮ್ಮಗ ಹೇಳ್ತಿದ್ದ, ಕಾಯಂಗೆ ಭಟ್ಕಳಕ್ಕೇ ಹೋಗಿ ಕೂತ್ಕಳ್ಳಿ ಅಂತ. ಹೋಗೂದಾದ್ರೆ ಮೊನ್ನೆ ತಗಂಡ ನನ್ನ ಉದ್ದಿನ ಬೇಳೆ ಕೊಟ್ಟು ಹೋಗು."

ಆದರೆ ಭಟ್ಕಳ ತಂಡದ ಮ್ಯಾನೇಜರ್ ನಾಯ್ಕರಿಗೆ ನನ್ನ ಬರಹ ಬಹಳ ಹಿಡಿಸಿತು. ಭಾನುವಾರ ಕುಮಟಾದಲ್ಲಿ ಎಲ್ಲ ತಂಡದವರ ಸಭೆ, ಅಲ್ಲಿಯೇ ತೀರ್ಮಾನ, ಅಭಿಮಾನಿಗಳ ಪರವಾಗಿ ನೀವೇ ಮಾತಾಡಬೇಕು ಎಂದು ಫೋನ್ ಮಾಡಿದರು. "ಅಕ್ಕ, ನೀವು ಎದ್ದು ನಿಂತ್ರೆ ಸಾಕು, ಅರ್ಧ ಜನ ಆಗ್ಲೇ ತಿರುಗಿದ್ರು" ಎಂದರು. ಎದೆ ಹಿಗ್ಗಿತು, ಆಗಲೇ ಹೋಗಿ ಸೀರೆಯೊಂದನ್ನು ಇಸ್ತ್ರಿಗೆ ಕೊಟ್ಟೆ.

ಆ ಭಾನುವಾರದ ಹಿಂದಿನ ಶನಿವಾರ ಕುಮಟಾದಲ್ಲಿ ಭಟ್ಕಳದ ಕೊನೆಯ ಪಂದ್ಯ. ಮಧ್ಯಾಹ್ನ ಗಾಡಿ ನಿಂತಿತು. ಹುಡುಗಿಯರು ಎಂದಿನಂತೆ ಜಗುಲಿ ತುಂಬಿ ಕೂತರು. ಎಂದಿನಂತೆ ಗಲಾಟೆ ಮಾಡಲಿಲ್ಲ. ನಾನು ಬಡಿಸುತ್ತ ಹೋದರೆ ಒಬ್ಬಳು ಇನ್ನೊಬ್ಬಳ ಮುಖ ನೋಡುತ್ತಾಳೆ, ಆ ಇನ್ನೊಬ್ಬಳು ತಟ್ಟೆ ನೋಡುತ್ತಾಳೆ. ಉಪ್ಪು ಹೆಚ್ಚಾಯಿತೇನೋ ಎಂದು ಒಳಗೆ ಬಂದು ಸಾರು ರುಚಿ ನೋಡಿದೆ. ಹಿಂದೆಯೇ ಸಹನಾ ಕೈ ತೊಳೆಯುವ ನೆಪದಲ್ಲಿ ಹಿತ್ತಲ ನಲ್ಲಿಗೆ ಬಂದಳು.

"ಆಯಿ, ಆ ಪೋಸ್ಟು ತೆಗಿ."

"ಯಾಕೆ? ಎಷ್ಟು ಜನ ಮೆಚ್ಚಿದ್ರು ಗೊತ್ತದ್ಯಾ ನಿಂಗೆ?"

"ಅದ್ಕೇ ತೆಗಿ. ನಂಗೆ ದಕ್ಷಿಣ ಬೇಕು."

ನಲ್ಲಿ ಹರಿಯುತ್ತಲೇ ಇತ್ತು.

"ಕುಮಟಾದವ್ರ ಎದುರು ನಾನು ಕಣ್ಣು ಮುಚ್ಕಂಡು ಆಡ್ತೆ ಆಯಿ. ಮಂಗಳೂರವ್ರ ಎದುರು ಆಡಿದ್ರೆ ಮಾತ್ರ ಗೊತ್ತಾಗೂದು ನಾನು ಎಂತ ಅಂತ. ರಾಜ್ಯ ತಂಡಕ್ಕೆ ಆರಿಸೂರು ಬಂದು ಕೂತ್ಕಳೂದೂ ಅಲ್ಲೇಯ. ಇನ್ನು ಸ್ವಲ್ಪ ವರ್ಷ ಹೋದ್ರೆ ಈ ಮೊಣಕಾಲು ನನ್ನ ಮಾತು ಕೇಳೂದಿಲ್ಲ. ನಾವೆಲ್ಲ ಹುಡುಗೀರು ಒಂದೇ ಮನಸ್ಸಲ್ಲಿ ಇದ್ದಿದ್ವು. ನಮ್ಮನ್ನ ಯಾರೂ ಕೇಳ್ಲಿಲ್ಲ. ನೀನೂ ಕೇಳ್ಲಿಲ್ಲ."

ಇಷ್ಟಕ್ಕೆ ಉತ್ತರವಾಗಿ ನನ್ನ ಬಾಯಿಂದ ಬಂದ ಮಾತು ಇದು: "ಹಂಗಾರೆ ಊಟಕ್ಕೆಂತ ಮಾಡ್ತೆ?"

"ಊಟಕ್ಕೆಂತದು ಆಯಿ. ಎಲ್ಲಾದ್ರೂ ತಿಂದ್ರಾತು."

ಅವಳು ಕಠೋರವಾಗಿ ಹೇಳಿದ್ದಲ್ಲ. ನನ್ನನ್ನು ಸಮಾಧಾನ ಮಾಡಲೆಂದೇ ಹೇಳಿದ್ದು. ಇಷ್ಟು ವರ್ಷ ನಾನು ಪರಮಾನ್ನವೆಂದು ಬಡಿಸುತ್ತ ಬಂದದ್ದು 'ಎಲ್ಲಾದ್ರೂ' ಎಂಬ ಜಾಗದಲ್ಲಿ ಸಿಗುತ್ತದೆ ಎಂದು ಕೇಳಿದ ಮೇಲೂ ಕೈ ಮಾತ್ರ ತನ್ನ ಪಾಡಿಗೆ ಹೋಗಿ ಎರಡನೇ ಸುತ್ತು ಅನ್ನ ಬಡಿಸಿತು. ಸಂಜೆ ಅವರು ಕುಮಟಾವನ್ನು ಸುಲಭವಾಗಿ ಸೋಲಿಸಿದರಂತೆ. ಕಣ್ಣು ಮುಚ್ಚಿಕೊಂಡಿದ್ದಳೋ ಏನೋ, ನಾನು ಕೇಳಲಿಲ್ಲ.

ಭಾನುವಾರದ ಸಭೆಗೆ ಇಸ್ತ್ರಿಯ ಸೀರೆ ಉಟ್ಟು ಹೋದೆ. ನಮ್ಮನೆಯವರು ಬಸ್ಸಿನಲ್ಲಿ ಒಂದೇ ಮಾತು ಕೇಳಿದರು: "ಎಂತ ಹೇಳ್ತೆ ಅಲ್ಲಿ?" ಗೊತ್ತಿದ್ದರಲ್ಲವೇ ಹೇಳಲು. ಭಟ್ಕಳ ಉಳಿದರೆ ಮಗಳು ನನ್ನ ಗೇಟಿಗೆ ಬರುತ್ತಾಳೆ, ಬಂದು ಕುಮಟಾದವರನ್ನು ಸೋಲಿಸುತ್ತ ಸೋಲಿಸುತ್ತ ಮುದುಕಿಯಾಗುತ್ತಾಳೆ. ಭಟ್ಕಳ ಹೋದರೆ ಅವಳು ಹೋಗುತ್ತಾಳೆ. ಸಭೆಯಲ್ಲಿ ಹೊನ್ನಾವರದವರು ನನ್ನನ್ನು ಕಣ್ಣಿನಲ್ಲೇ ಹುರಿದರು. ಆದರೂ ಭಟ್ಕಳದೊಂದಿಗಿನ ಪಂದ್ಯಕ್ಕೇ ಜನ ಹೆಚ್ಚು ಸೇರುವುದು, ಹಾಗಾಗಿ ಭಟ್ಕಳ ಉತ್ತರದಲ್ಲೇ ಇರಲಿ, ದಕ್ಷಿಣಕ್ಕೆ ಕುಮಟಾ ಹೋಗಲಿ ಎಂದರು. ಕುಮಟಾದವರು ಕುರ್ಚಿ ಹಿಂದೆ ದೂಡಿ ಎದ್ದರು. ಎಲ್ಲರೂ ತಂತಮ್ಮ ನಕಾಶೆಯನ್ನು ತಂತಮ್ಮ ಮನೆಯ ಬಾಗಿಲಿನಿಂದಲೇ ಬರೆದುಕೊಂಡು ಬಂದಿದ್ದರು. ಆ ವಿದ್ಯೆಯಲ್ಲಿ ನಾನೊಬ್ಬಳೇ ಪಂಡಿತೆ ಎಂದುಕೊಂಡಿದ್ದೆ, ತಪ್ಪು.

ನಾಯ್ಕರು ನನ್ನ ಹೆಸರು ಕರೆದರು. ಎದ್ದೆ. ಫೋನು ಕೈಯಲ್ಲೇ ಇತ್ತು.

"ಶರಾವತಿ ಸೇತುವೆ ದಾಟಿದ್ಮೇಲೆ ದಕ್ಷಿಣವೇ" ಎಂದೆ. "ನಂಗೆ ಅದು ಮೊದ್ಲೇ ಗೊತ್ತಿತ್ತು, ಬರೀಲಿಲ್ಲ. ಭಟ್ಕಳ ದಕ್ಷಿಣಕ್ಕೆ ಹೋಗ್ಲಿ. ಹುಡುಗೀರಿಗೆ ಅಲ್ಲಿ ಆಡೂಕೆ ಮನಸ್ಸದೆ. ಅವ್ರನ್ನೇ ಕೇಳಿ."

ನಾಯ್ಕರ ಮುಖ ನೋಡುವಂತಿರಲಿಲ್ಲ. "ಅಕ್ಕ, ಪೋಸ್ಟು ಬರ್ದದ್ದು ನೀವೇ ಅಲ್ದಾ?"

"ಬರ್ದದ್ದು ನಾನೇ. ಅಳಿಸೂದೂ ನಾನೇ" ಎಂದು ಅಲ್ಲೇ ನಿಂತು ಅಳಿಸಿದೆ. ಅವರು ತಂಡದ ನಾಯಕಿಗೆ ಫೋನ್ ಮಾಡಿ ಎಲ್ಲರಿಗೂ ಕೇಳುವಂತೆ ಇಟ್ಟರು. ಪ್ರಶ್ನೆ ಮುಗಿಯುವ ಮೊದಲೇ ಆ ಕಡೆಯಿಂದ, ಸುದ್ದಿಗಾಗಿ ಒಂದೇ ಕಡೆ ಸೇರಿದ್ದ ಹತ್ತು ಹನ್ನೆರಡು ಗಂಟಲು ಒಟ್ಟಿಗೆ "ದಕ್ಷಿಣ!" ಎಂದವು. ಅದರಲ್ಲೊಂದು ಗಂಟಲನ್ನು ನಾನು ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ.

ತೀರ್ಮಾನವಾಯಿತು. ಹೊಸ ಸೀಸನ್ ಶುರುವಾದ ಮೊದಲ ಶನಿವಾರ ಭಟ್ಕಳಕ್ಕೆ ಉಡುಪಿಯಲ್ಲಿ ಪಂದ್ಯ. ಬೆಳಿಗ್ಗೆಯಿಂದ ನಾನು ಒಲೆಯ ಹತ್ತಿರ ಹೋಗಿ ಬರುವುದು, ಗೇಟಿನ ಹತ್ತಿರ ಹೋಗಿ ಬರುವುದು. "ಹೊರಟ್ವಿ" ಎಂದು ಸಹನಾ ಕಳಿಸಿದ್ದ ಒಂದು ಪದವನ್ನು ಒಂದು ಪುಟದಷ್ಟು ಹೊತ್ತು ಓದಿದೆ. ಹೊತ್ತು ನೆತ್ತಿಗೆ ಬಂದಾಗ ಗೇಟಿನ ಮುಂದೆ ಒಂದು ಗಾಡಿ ನಿಂತಿತು. ಅಪರಿಚಿತ ಬನಿಯನ್ನಿನ ಹುಡುಗಿಯರು. ಯಲ್ಲಾಪುರದವರು, ಘಟ್ಟ ಇಳಿದು ಹೊನ್ನಾವರಕ್ಕೆ ಹೊರಟವರು. ಅವರ ಜೊತೆಗಿದ್ದ ಟೀಚರು ಸಂಕೋಚದಿಂದ ಕೇಳಿದರು, "ಇಲ್ಲಿ ಆಟಗಾರ್ತಿಯರಿಗೆ ಊಟ ಹಾಕ್ತಾರೆ ಅಂತ ಕುಮಟಾದಲ್ಲಿ ಹೇಳಿದ್ರು. ಹೌದಾ?"

ಹೌದು ಎಂದೆ. ಇಲ್ಲ ಎನ್ನಲು ಬಾಯಿ ತಯಾರಿರಲಿಲ್ಲ. ಎರಡು ಒಲೆ ಹಚ್ಚಿದೆ, ಗಿರಿಜಕ್ಕನನ್ನು ಕೂಗಿದೆ, ಅವಳು ಹೊನ್ನಾವರದ ಎದುರಾಳಿಗಳಿಗೆ ಊಟ ಹಾಕುತ್ತಿದ್ದೀಯಲ್ಲ ಎಂದು ಬೈಯುತ್ತಲೇ ಕಾಯಿ ತುರಿದಳು. ಮೀನು ತಿನ್ನದವರು ನಾಲ್ವರಿದ್ದರು, ಅವರಿಗೆ ತಂಬುಳಿ. ಉದ್ದ ಕುತ್ತಿಗೆಯ ಮೇಘನಾ ಎಂಬುವಳು ಅನ್ನವನ್ನು ತಟ್ಟೆಯ ಸುತ್ತ ಓಡಿಸುತ್ತ ಕೂತಿದ್ದಳು. ನಾನು ಎದುರಿಗೆ ಕುಕ್ಕರಗಾಲಿನಲ್ಲಿ ಕೂತಾಗ ತಿಂದಳು.

ಅವರು ಹೋಗಿ ಸ್ವಲ್ಪ ಹೊತ್ತಿಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ನಾನು ಯಲ್ಲಾಪುರದಿಂದ, ಮೇಘನನ ಆಯಿ. ಟೀಚರ್ರ ಹತ್ರ ನಿಮ್ಮ ನಂಬರ್ ತಗಂಡಿ. ನಮ್ಮ ಕೂಸು ಪಂದ್ಯ ಇದ್ದ ದಿನ ಸರಿ ಉಣ್ತಿಲ್ಲೆ. ಇವತ್ತು ಉಂಡ್ಚಾ?"

"ಉಂಡ್ಲು. ಎರಡು ಸಲ ತಂಬುಳಿ ಹಾಕಿಸ್ಕಂಡ್ಲು."

ಆ ಕಡೆ ಒಬ್ಬಳು ಹೆಂಗಸು ಉಸಿರು ಬಿಟ್ಟದ್ದು ಘಟ್ಟ ಇಳಿದು ನನ್ನ ಕಿವಿಗೆ ಬಂತು. ಆಮೇಲೆ ಕೇಳಿದರು, "ನಿಮ್ಮ ಮಗಳೂ ಆಡ್ತಡ ಅಲ್ದಾ? ಅದು ಎಲ್ಲಿದ್ದು ಈಗ?"

"ಉಡುಪಿಲಿ."

"ಅದ್ರ ಊಟ ಆತಾ?"

"ಗೊತ್ತಿಲ್ಲ" ಎಂದೆ. ಅದು ಸತ್ಯ, ಮತ್ತು ಇನ್ನು ಮುಂದೆ ಶನಿವಾರಗಳಲ್ಲಿ ನನಗೆ ಸಿಗುವ ಸತ್ಯ ಇಷ್ಟೇ.

ಆಕೆ ಸುಳ್ಳು ಸಮಾಧಾನ ಹೇಳಲಿಲ್ಲ. "ನೀವು ಉಂಡ್ರಾ?" ಎಂದು ಕೇಳಿದರು.

ಉಂಡೆ ಎಂದೆ. ತಳ ಕೆರೆದು ಎಲ್ಲವನ್ನೂ ಅವರ ಮಕ್ಕಳೇ ತಿಂದು ಹೋಗಿದ್ದರು. ನಿಜ ಹೇಳಿದ್ದರೆ ಪಾಪ, ಆಕೆ ಯಲ್ಲಾಪುರದಲ್ಲಿ ಕೂತು ಇನ್ನೊಬ್ಬಳ ಚಿಂತೆಯನ್ನೂ ಮಾಡಬೇಕಾಗುತ್ತಿತ್ತು.