ಐದು ಸೆಕೆಂಡಿನ ಗಿರಮಿಟ್

ಕಾಯುವ ಗುಣ ನನಗೆ ಹುಟ್ಟಿನಿಂದಲೇ ಇಲ್ಲ. "ಅನ್ನ ಅರಳೂ ಮೊದ್ಲ ಮುಚ್ಚಳಾ ತಗೀತಿ" ಎಂದು ಅವ್ವ ಈಗಲೂ ಬೈಯುತ್ತಾಳೆ. ಅಂಥವನ ಕೈಗೆ ಟೈಮ್‌ಔಟ್ ನಿರ್ಧರಿಸುವ ಕೆಲಸ ಬಂದದ್ದೇ ತಪ್ಪು.

ಹಾನಗಲ್ಲಿನ ಒಂದು ಬೀಜದಂಗಡಿಯ ಮಹಡಿಯಲ್ಲಿ ನಾವು ನಾಲ್ಕು ಜನ ದನದ ಡಾಕ್ಟರರಿಗಾಗಿ ಆ್ಯಪ್ ಮಾಡುತ್ತಿದ್ದೆವು. ರೈತ ಕಳಿಸಿದ ಎಮ್ಮೆಯ ಫೋಟೊ ಡಾಕ್ಟರರಿಗೆ ತಲುಪಬೇಕು. ನಾವು ಬರೆದದ್ದು ಸರಿಯಿದೆಯೇ ಎಂದು ಮೂಲೆಯ ಹಳೇ ಕಂಪ್ಯೂಟರು ದಿನಾ ಬೆಳಿಗ್ಗೆ ತಾನೇ ಟೆಸ್ಟ್ ನಡೆಸುತ್ತಿತ್ತು. ಒಂದೊಂದು ಟೆಸ್ಟಿಗೂ ಅದು ಎಷ್ಟು ಹೊತ್ತು ಕಾಯಬೇಕು, ಅಂದರೆ ಟೈಮ್‌ಔಟ್ ಎಷ್ಟು, ಎಂದು ನಾನು ಹೇಳಬೇಕಿತ್ತು. ಎಲ್ಲಕ್ಕೂ ಐದು ಸೆಕೆಂಡ್ ಎಂದು ಬರೆದೆ. ನನ್ನ ಹೊಸ ಲ್ಯಾಪ್‌ಟಾಪಿನಲ್ಲಿ ಅಷ್ಟು ಸಾಕಾಗಿತ್ತು. ಅಳೆದು ನೋಡಲಿಲ್ಲ, ಯಾರನ್ನೂ ಕೇಳಲಿಲ್ಲ. ಅಷ್ಟರಲ್ಲಿ ಮುಗಿಯದ್ದಕ್ಕೆ ಕೆಂಪು ಗುರುತು ಬೀಳುತ್ತಿತ್ತು.

ಯಾರ ಟೆಸ್ಟ್ ಕೆಂಪಾಯಿತೋ ಅವರು ಸಂಜೆ ಎಲ್ಲರಿಗೂ ಚುರುಮುರಿ ಕಲಸಿದ ಗಿರಮಿಟ್ ತರಬೇಕು, ಇದು ನಮ್ಮ ಆಫೀಸಿನ ರೂಢಿ. ಫೋಟೊ ಕಳಿಸುವ ಭಾಗ ಸವಣೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯದು. ವೀಳ್ಯದೆಲೆ ವ್ಯಾಪಾರಿಯ ಮಗಳು, ಮನೆಯಲ್ಲಿ ಹಟ ಹಿಡಿದು ಸೇರಿದ ಮೊದಲ ನೌಕರಿ. ಅವಳ ಟೆಸ್ಟ್ ಒಂದು ದಿನ ಹಸಿರು, ಎರಡು ದಿನ ಕೆಂಪು. ಗಿರಮಿಟ್ ಅಂಗಡಿಯಾತ ಅವಳನ್ನು ಕಂಡರೆ ಕೇಳದೆಯೇ ಪೊಟ್ಟಣ ಕಟ್ಟುತ್ತಿದ್ದ. ನಾವು ನಗುತ್ತ ತಿಂದೆವು.

ಒಮ್ಮೆ ನನ್ನ ಟೇಬಲ್ಲಿನ ಹತ್ತಿರ ಬಂದು, "ಸರ್, ಫೋಟೋಕ್ಕ ಸ್ವಲ್ಪ ಜಾಸ್ತಿ ಹೊತ್ತು..." ಎಂದಳು.

"ಮೊದ್ಲ ನಿನ್ನ ಕೋಡ್ ನೆಟ್ಟಗ ಮಾಡು. ಕುಣ್ಯಾಕ ಬರದಾಕಿ ನೆಲಾ ಡೊಂಕ ಅಂದ್ಲಂತ" ಎಂದುಬಿಟ್ಟೆ. ಉಳಿದಿಬ್ಬರು ನಕ್ಕರು. ಅವಳು ಸರಿಯಿದ್ದ ಕೋಡನ್ನೇ ಮೂರು ಸಲ ಹೊಸದಾಗಿ ಬರೆದಳು. ತಿಂಗಳು ತುಂಬುವುದರೊಳಗೆ, "ನನಗ ಈ ಕೆಲಸ ಆಗಂಗಿಲ್ರಿ" ಎಂದು ಬಿಟ್ಟು ಹೋದಳು.

ಅವಳ ಭಾಗ ನನ್ನ ಪಾಲಿಗೆ ಬಂತು. ಮರುದಿನವೇ ಕೆಂಪು. ಹಳೇ ಕಂಪ್ಯೂಟರಿನ ಮುಂದೆ ಕೂತು ಆಗ ಮೊದಲ ಸಲ ಅಳೆದೆ. ಫೋಟೊ ಕಳಿಸಲು ಅದಕ್ಕೆ ಒಮ್ಮೆ ನಾಲ್ಕು ಸೆಕೆಂಡ್ ಹಿಡಿದರೆ, ಒಮ್ಮೆ ಒಂಬತ್ತು. ಅವಳ ಕೋಡಿನಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಫೋಟೊಗೆ ಇಪ್ಪತ್ತು ಸೆಕೆಂಡ್, ಸಣ್ಣಪುಟ್ಟ ಟೆಸ್ಟುಗಳಿಗೆ ಎರಡು ಎಂದು ಬದಲಿಸಿ, ಯಾಕೆಂಬುದನ್ನು ಪಕ್ಕದಲ್ಲೇ ಬರೆದಿಟ್ಟೆ. ಎಲ್ಲವೂ ಹಸಿರಾಯಿತು. ಅಷ್ಟಕ್ಕೆ ಹತ್ತು ನಿಮಿಷವೂ ಬೇಕಾಗಲಿಲ್ಲ.

ಅವಳಿಗೆ ಹೇಳಬೇಕಲ್ಲ, ನಾಚಿಕೆಯಾಯಿತು. ನಾಳೆ, ನಾಡಿದ್ದು ಎಂದು ದೂಡಿದೆ. ಹದಿನೈದು ದಿನ ಕಳೆದ ಮೇಲೆ ಗಿರಮಿಟ್ ಕಟ್ಟಿಸಿಕೊಂಡು ಸವಣೂರಿನ ಬಸ್ ಹತ್ತಿದೆ. ಅವಳ ಮನೆಯ ಕಟ್ಟೆಯ ಮೇಲೆ ಕೂತು, ತಪ್ಪು ನನ್ನದು, ವಾಪಸ್ ಬಾ ಎಂದೆ.

"ಹೋದ ವಾರ ಬಂದಿದ್ರ ಬರ್ತಿದ್ನಿರಿ ಸರ್. ಮೊನ್ನೆ ಸೋಮವಾರ ಶಿಗ್ಗಾಂವ್ಯಾಗ ಒಂದ್ ಸಾಲಿಗೆ ಒಪ್ಕೊಂಡೇನಿ, ಹುಡುಗರಿಗೆ ಕಂಪ್ಯೂಟರ್ ಕಲಸಾಕ."

ಪೊಟ್ಟಣ ಬಿಚ್ಚಿದಳು. "ಪೂರಾ ಮೆತ್ತಗಾಗೇತ್ರಿ" ಎಂದು ನಕ್ಕು, ಆದರೂ ಒಂದು ತುತ್ತು ತಿಂದಳು. ಅವಳಿಗೆ ಐದು ಸೆಕೆಂಡ್ ಕೊಟ್ಟವನು ನನಗೆ ನಾನೇ ಹದಿನೈದು ದಿನ ಕೊಟ್ಟುಕೊಂಡಿದ್ದೆ.