ನಮ್ಮ ಪಕ್ಕದ ಮನೆಯ ಡಚ್ ಕವಿ

ಮೊನ್ನೆ ಬೆಳಿಗ್ಗೆ ಗ್ರೀನ್‌ಫರ್ಡಿನಲ್ಲಿ ಟ್ಯೂಬ್ ಹತ್ತಿದಾಗ ನನ್ನ ಹಿಂದೆಯೇ ಒಬ್ಬ ಹುಡುಗಿ ಇನ್ನೂ ಒಣಗದ ಕ್ಯಾನ್ವಾಸೊಂದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದಳು. ಲಂಡನ್ನಿನ ಜನ ಬೆಳಗಿನ ರೈಲಿನಲ್ಲಿ ಯಾರಿಗೂ ಜಾಗ ಬಿಡುವವರಲ್ಲ. ಆದರೆ ಇಸ್ತ್ರಿಯ ಅಂಗಿಗೆ ನೀಲಿ ಬಣ್ಣ ಹತ್ತುತ್ತದೆ ಎಂದರೆ ಎಂಥವರಿಗೂ ಔದಾರ್ಯ ಹುಟ್ಟುತ್ತದೆ. ಎಲ್ಲರೂ ಹಿಂದೆ ಸರಿದರು; ನಾನೊಬ್ಬ ಮುಂದೆ ಸರಿದೆ. ಅಗಸೆ ಎಣ್ಣೆ, ಟರ್ಪೆಂಟೈನ್ ಬೆರೆತ ಆ ವಾಸನೆ ನನ್ನ ಮೂಗಿಗೆ ಬಿದ್ದು ಎಷ್ಟೋ ಕಾಲವಾಗಿತ್ತು. ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದುಕೊಂಡೆ. ಕಣ್ಣು ತೆರೆದರೆ ಹುಡುಗಿ ಬೋಗಿಯ ಆ ತುದಿಗೆ ಹೋಗಿ ನಿಂತಿದ್ದಳು. ಅವಳ ತಪ್ಪಲ್ಲ ಬಿಡಿ. ತಲೆ ನರೆತ ಗಂಡಸೊಬ್ಬ ತನ್ನ ಚಿತ್ರವನ್ನು ಹೀಗೆ ಮೂಸತೊಡಗಿದರೆ ಯಾರು ತಾನೇ ನಿಂತಾರು?

ಅದು ಮರೈಕಕ್ಕನ ಮನೆಯ ವಾಸನೆ. ಅವರ ಹೆಸರು ಬರೀ ಮರೈಕೆ. ‘ಅಕ್ಕ’ ಸೇರಿಸಿದವಳು ನನ್ನ ಹೆಂಡತಿ ಗಿರಿಜಾ. ಧಾರವಾಡದವಳಿಗೆ ಪಕ್ಕದ ಮನೆಯ ಹಿರಿಯ ಹೆಂಗಸನ್ನು ಬರೀ ಹೆಸರು ಹಿಡಿದು ಕರೆಯಲು ನಾಲಿಗೆ ಏಳಲಿಲ್ಲ. ಆ ಡಚ್ ಹೆಂಗಸಿಗೂ ಅದು ಹೊಂದಿಕೊಂಡಿತು. ಗಿರಿಜಾ ಜೋಳದ ರೊಟ್ಟಿ ಕೊಟ್ಟುಬಂದರೆ ಅದಕ್ಕೆ ಬೆಣ್ಣೆ ಮೆತ್ತಿ, ಚೀಸ್ ಇಟ್ಟು ತಿನ್ನುತ್ತಿದ್ದರು. ನಾವು ನೋಡದ ಹಾಗೆ ಇರುತ್ತಿದ್ದೆವು.

ಅವರು ಕವಿ ಎಂದಾಗಲಿ, ಚಿತ್ರ ಬರೆಯುತ್ತಾರೆ ಎಂದಾಗಲಿ ನಮಗೆ ಮೊದಲು ಗೊತ್ತಿರಲಿಲ್ಲ. ಅಂಗಿಯ ತೋಳಿನ ಮೇಲಿನ ಬಣ್ಣ ನೋಡಿ, ಪಾಪ, ಈ ವಯಸ್ಸಿನಲ್ಲಿ ಮನೆಗೆ ತಾವೇ ಸುಣ್ಣಬಣ್ಣ ಹೊಡೆದುಕೊಳ್ಳುತ್ತಾರೆ ಅಂದುಕೊಂಡಿದ್ದೆ. ಒಂದು ಭಾನುವಾರ ಅವರ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಾ ನಾನು ಕಲೆಯ ಬಗ್ಗೆ ಮಾತೆತ್ತಿದೆ. ಏಕೆ ಎತ್ತಿದೆನೋ ದೇವರೇ ಬಲ್ಲ. ಕ್ಯಾನರಿ ವಾರ್ಫಿನ ನಮ್ಮ ಆಫೀಸಿನ ಕೆಳಗೆ, ಲಿಫ್ಟಿನ ಪಕ್ಕದ ಗೋಡೆಗೆ, ಉದ್ದಾನುದ್ದ ಬೂದು ಚಿತ್ರವೊಂದಿದೆ. ದಿನಾ ಅದರ ಮುಂದೆಯೇ ನಾನು ಹಾದುಹೋಗುವುದು. “ಯಾರೋ ಒದ್ದೆ ಬೆಡ್‌ಶೀಟ್ ಹರವಿದ ಹಾಗಿದೆ. ಅದನ್ನೂ ಕಲೆ ಅಂತಾರೆ!” ಎಂದು ನಕ್ಕೆ.

ಮರೈಕಕ್ಕ ಕಾಫಿ ಕೆಳಗಿಟ್ಟು, “ಆ ಬೆಡ್‌ಶೀಟ್ ಒಣಗಿಸೋಕೆ ನನಗೆ ಇಡೀ ಒಂದು ಚಳಿಗಾಲ ಬೇಕಾಯಿತು,” ಎಂದರು.

ಗಿರಿಜಾ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಆಗಲೇ ತಡವಾಗಿತ್ತು. ಆದರೆ ಮರೈಕಕ್ಕ ನಗುತ್ತಿದ್ದರು. ತಮ್ಮ ಚಿತ್ರದ ಬಗ್ಗೆ ಯಾರಾದರೂ ನಿಜ ಹೇಳಿ ಬಹಳ ದಿನವಾಗಿತ್ತಂತೆ. ಅಂದಿನಿಂದ ಅವರ ಕಥೆ ಸ್ವಲ್ಪ ಸ್ವಲ್ಪವಾಗಿ ನಮಗೆ ತಿಳಿಯುತ್ತಾ ಬಂತು.

ಅವರ ಊರು ಹಾಲೆಂಡಿನಲ್ಲಿ, ಸಮುದ್ರಕ್ಕಿಂತ ತಗ್ಗಿನಲ್ಲಿದೆ. ತಂದೆಗೆ ಕಾಲುವೆಯ ಬಾಗಿಲು ತೆಗೆದು ಮುಚ್ಚಿ ದೋಣಿಗಳನ್ನು ದಾಟಿಸುವ ಕೆಲಸ. ಬಾಗಿಲು ತೆರೆಯುವವರೆಗೆ ದೋಣಿಯವರು ಹೇಳುತ್ತಿದ್ದ ಮಾತುಗಳನ್ನು ಕೇಳಿಯೇ ಹುಡುಗಿ ಕವಿಯಾದಳು. ಕಾಲೇಜು ಮುಗಿಯುವ ಮೊದಲೇ ಮೊದಲ ಪುಸ್ತಕ ಬಂತು, ಪತ್ರಿಕೆಗಳು ಹೊಗಳಿದವು. ಒಂದು ಬೇಸಿಗೆ ಲಂಡನ್ನಿನಲ್ಲಿ ಚಿತ್ರಗಳನ್ನು ನೋಡಿಕೊಂಡು ಹೋಗಲು ಬಂದವರು, ಬಸ್ ರಿಪೇರಿ ಮಾಡುವ ಒಬ್ಬ ಇಂಗ್ಲಿಷಿನವನನ್ನು ನೋಡಿದರು, ವಾಪಸ್ ಹೋಗಲಿಲ್ಲ. ಎರಡನೆಯ ಪುಸ್ತಕವನ್ನು ಗ್ರೀನ್‌ಫರ್ಡಿನ ಇದೇ ಮನೆಯಲ್ಲಿ ಬರೆದರು. ಮೂರನೆಯದನ್ನು ಬರೆದು ಕಳಿಸಿದಾಗ ಪ್ರಕಾಶಕ ಫೋನು ಮಾಡಿ ಹೇಳಿದನಂತೆ: “ಮರೈಕೆ, ಇದು ಅಜ್ಜಿಯರ ಡಚ್. ಈಗ ಇಲ್ಲಿ ಯಾರೂ ಹೀಗೆ ಮಾತಾಡಲ್ಲ.”

“ನಾನು ಊರು ಬಿಟ್ಟ ದಿನ ನನ್ನೊಳಗಿನ ಭಾಷೆ ಅಲ್ಲಿಗೇ ನಿಂತುಬಿಟ್ಟಿತ್ತು,” ಎಂದರು ಮರೈಕಕ್ಕ. “ಊರಲ್ಲಿ ಅದು ನನ್ನನ್ನು ಬಿಟ್ಟು ಮುಂದೆ ನಡೆದಿತ್ತು. ನನಗೆ ಗೊತ್ತೇ ಆಗಲಿಲ್ಲ.”

ಕವಿತೆ ನಿಂತಿತು. ಸುಮ್ಮನಿರಲಾರದೆ ಅವರು ಮನೆಯ ಹಿಂದಿನ ಕಾಲುವೆಯ ದಂಡೆಗೆ ಹೋಗಿ ಕೂತರು. ಗೋದಾಮುಗಳ ತಗಡಿನ ಗೋಡೆ, ಬೂದು ನೀರು, ಅದರ ಮೇಲೆ ಬಿದ್ದ ಬೂದು ಬೆಳಕು. ಕುಂಚ ಹಿಡಿದು ಅದನ್ನೇ ಬರೆದರು. ಗಂಡ ತೀರಿಕೊಂಡ ಮೇಲೂ ಅದನ್ನೇ ಬರೆದರು. ನಡುವೆ ಯಾವುದೋ ಗ್ಯಾಲರಿಯವರ ಕಣ್ಣಿಗೆ ಬಿದ್ದು ಚಿತ್ರಗಳು ದೊಡ್ಡ ಗೋಡೆಗಳಿಗೆ ಹೋದವು. ನನ್ನಂಥವರು ಅವುಗಳ ಮುಂದೆ ಕಾಫಿ ಹಿಡಿದು ಹಾದುಹೋದರು.

ಇಲ್ಲಿ ನನ್ನದೂ ಒಂದು ಗುಟ್ಟು ಹೇಳಬೇಕು. ನಾನೂ ಕವಿ. ನನ್ನದೊಂದು ಸಂಕಲನವಿದೆ. ಅದನ್ನು ಪೂರ್ತಿ ಓದಿದವನು ಕರಡು ತಿದ್ದಿದವನೊಬ್ಬನೇ, ಅದೂ ಸಂಬಳಕ್ಕೆ. ಮರೈಕಕ್ಕನಿಗೆ ಇದು ತಿಳಿದು, “ಓದು, ನಿನ್ನ ಭಾಷೆಯಲ್ಲೇ ಓದು,” ಎಂದು ಹಟ ಹಿಡಿದರು. ಅರ್ಥ ಹೇಳಕೂಡದು, ದನಿ ಸಾಕು ಎಂದರು. ನಲ್ಲೆಯೊಬ್ಬಳು ಮುಸ್ಸಂಜೆಯಲ್ಲಿ ಮಲ್ಲಿಗೆ ಮುಡಿದು ಮಹಡಿಯ ಮೆಟ್ಟಿಲು ಇಳಿದು ಬರುವ ಕವಿತೆಯನ್ನು ನಾನು ಗಂಟಲು ಸರಿಮಾಡಿಕೊಂಡು ಓದಿದೆ. ಅವರು ಕಣ್ಣು ಮುಚ್ಚಿ ಕೇಳಿದರು, ಆಮೇಲೆ ಇದ್ದಿಲಿನ ಕಡ್ಡಿ ತೆಗೆದುಕೊಂಡು ಸರಸರನೆ ಗೀಚಿದರು. ನೀರಿನಲ್ಲಿ ಕತ್ತಿನವರೆಗೆ ಮುಳುಗಿ ನಿಂತ ಒಂದು ದನ.

“ಇದು ನಿನ್ನ ಕವಿತೆ. ಭಾರವಾಗಿದೆ, ಒದ್ದೆಯಾಗಿದೆ, ಎಲ್ಲಿಗೂ ಹೋಗುವ ಆತುರ ಇಲ್ಲ.”

ಗಿರಿಜಾ ಚಿತ್ರವನ್ನು ಕೈಗೆತ್ತಿಕೊಂಡು ನೋಡಿದಳು. “ದನ ಅಲ್ರೀ ಇದು, ನಮ್ಮೂರ ಕೆರ್ಯಾಗಿನ ಎಮ್ಮಿ. ನಿಮ್ಮ ಕವಿತಾ ಕೇಳಿ ಎಮ್ಮಿ ಕಂಡಾಳಂದ್ರ ಅಕ್ಕ ಖರೇನ ದೊಡ್ಡ ಕಲಾವಿದೆ ಬಿಡ್ರಿ.”

ಆ ಎಮ್ಮೆ ಇವತ್ತಿಗೂ ನಮ್ಮ ಹಾಲಿನ ಗೋಡೆಯ ಮೇಲಿದೆ. ನನ್ನ ಸಂಕಲನ ಮೇಲಿನ ಕೋಣೆಯ ಮಂಚದ ಕೆಳಗಿದೆ.

ಒಂದು ಚಳಿಗಾಲದಲ್ಲಿ ಮರೈಕಕ್ಕನಿಗೆ ಲಕ್ವ ಹೊಡೆಯಿತು. ಆಸ್ಪತ್ರೆಯಿಂದ ಬರುವಾಗ ಬಲಗೈ ಬಿದ್ದುಹೋಗಿತ್ತು, ಇಂಗ್ಲಿಷೂ ಹೋಗಿತ್ತು. ಕೊನೆಗೆ ಕಲಿತದ್ದು ಕೆಲವರಲ್ಲಿ ಮೊದಲು ಹೋಗುತ್ತದೆ ಎಂದರು ಡಾಕ್ಟರು. ಅರ್ಧ ಆಯುಷ್ಯಕ್ಕೂ ಹೆಚ್ಚು ಕಾಲ ಆಡಿದ ಭಾಷೆ ಒರೆಸಿದ ಹಾಗೆ ಮಾಯವಾಗಿ, ಬರೀ ಡಚ್ ಉಳಿದಿತ್ತು. ನೋಡಿಕೊಳ್ಳಲು ಬರುತ್ತಿದ್ದ ನರ್ಸಿಗೆ ಡಚ್ ಬರದು. ನಮಗೂ ಬರದು. ಮುಂದಿನ ಕೋಣೆಯ ಕಿಟಕಿಯ ಬಳಿ ಮಂಚ ಹಾಕಿದ್ದರು. ನಾನು ಶನಿವಾರ, ಭಾನುವಾರ ಹೋಗಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಕನ್ನಡದಲ್ಲಿ ಮಾತಾಡುತ್ತಿದ್ದೆ. ಹೇಗಿದ್ದರೂ ಇಂಗ್ಲಿಷ್ ತಿಳಿಯುವುದಿಲ್ಲ ಎಂದ ಮೇಲೆ ಯಾವ ಭಾಷೆಯಾದರೇನು? ಅವರು ಡಚ್ಚಿನಲ್ಲಿ ಉತ್ತರ ಕೊಡುತ್ತಿದ್ದರು. ಎಡಗೈಯಿಂದ ನನ್ನನ್ನು ತೋರಿಸಿ, ಕಿಟಕಿ ತೋರಿಸಿ, ಗಾಳಿಯಲ್ಲಿ ಕೈ ಬೀಸಿ ಒಂದೇ ಪದವನ್ನು ಮತ್ತೆ ಮತ್ತೆ ಹೇಳುತ್ತಿದ್ದರು: “ಲಿಖ್ತ್, ಲಿಖ್ತ್.”

ನನಗೆ ಮೈ ನವಿರೆದ್ದಿತು. ಲಿಖಿತ! ಕೈ ಬಿದ್ದುಹೋದ ಕವಿ ಬರಹದ ಬಗ್ಗೆ ಹೇಳುತ್ತಿದ್ದಾರೆ; ನೀನೂ ನಾನೂ ಕಡಲು ದಾಟಿ ಬಂದವರು, ಉಳಿಯುವುದು ಬರೆದದ್ದೊಂದೇ ಎನ್ನುತ್ತಿದ್ದಾರೆ. ಆ ವರ್ಷ ಇಲ್ಲಿನ ಕನ್ನಡಿಗರು ಯುಗಾದಿಗೆ ಸೇರಿದಾಗ ನಾನು ಇದನ್ನೇ ಭಾಷಣ ಮಾಡಿದೆ. ಭಾಷೆಯಾಚೆಗೆ ಎರಡು ಹೃದಯಗಳು ಹೇಗೆ ಮಾತಾಡುತ್ತವೆ ಎಂದು ಊಟ ತಡವಾಗುವಷ್ಟು ಹೊತ್ತು ವಿವರಿಸಿದೆ. ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ಗಿರಿಜಾ ಮಾತ್ರ ನೆಲ ನೋಡುತ್ತಾ ಕೂತಿದ್ದಳು.

ಮರುವಾರ ಹಾಲೆಂಡಿನಿಂದ ಅವರ ತಂಗಿಯ ಮಗಳು ಲೀಸಾ ಬಂದಳು. ನಾನು ಎಂದಿನಂತೆ ಕುರ್ಚಿಯಲ್ಲಿ ಕೂತೆ. ಮರೈಕಕ್ಕ ಎಂದಿನಂತೆ ಕೈ ಬೀಸಿ “ಲಿಖ್ತ್” ಎಂದರು. ಲೀಸಾ ಬಾಯಿಗೆ ಕೈ ಅಡ್ಡ ಹಿಡಿದಳು.

“ಏನಂತಿದ್ದಾರೆ?” ಎಂದೆ, ಗದ್ಗದಿತನಾಗಲು ಸಿದ್ಧನಾಗಿ.

“ನೀವು ಬೆಳಕಿಗೆ ಅಡ್ಡ ಕೂತಿದ್ದೀರಂತೆ. ಚಳಿಗಾಲದಿಂದ ಹೇಳ್ತಾನೇ ಇದ್ದಾರಂತೆ.”

ಇಂಗ್ಲಿಷಿನ ಲೈಟ್ ಎಂಬ ಪದ ದಿನಕ್ಕೆ ಹತ್ತಾರು ಸಲ ಕಿವಿಗೆ ಬೀಳುವ ಊರಿನಲ್ಲಿ ಕೂತು ನಾನು ಸಂಸ್ಕೃತಕ್ಕೆ ಹೋಗಿದ್ದೆ! ಕುರ್ಚಿ ಬಿಟ್ಟೆದ್ದು, ಕ್ಷಮೆ ಕೇಳಿ ಬಾಗಿಲ ಕಡೆ ಹೊರಟೆ. ಹಿಂದಿನಿಂದ ಮರೈಕಕ್ಕ ಜೋರಾಗಿ ಏನೋ ಹೇಳಿದರು.

“ಹೋಗಬೇಡಿ ಅಂತಿದ್ದಾರೆ,” ಎಂದಳು ಲೀಸಾ. “ಕುರ್ಚಿ ಮಾತ್ರ ತಪ್ಪು ಜಾಗದಲ್ಲಿತ್ತಂತೆ. ಮಾತು ನಿಲ್ಲಿಸಬೇಡಿ.”

ನಾನು ಗೋಡೆಯ ಕಡೆ ಸರಿದು ಕೂತೆ. ಕಿಟಕಿಯ ಬೆಳಕು ಹಾಸಿಗೆಯ ಮೇಲೆ ಬಿತ್ತು. ಲೀಸಾ ಮರೈಕಕ್ಕನ ಎಡಗೈಗೆ ಕುಂಚ ಕೊಟ್ಟಳು.

ಆ ವಸಂತವೆಲ್ಲ ಹಾಗೇ ಕಳೆಯಿತು. ನಾನು ಮ್ಯಾನೇಜರನನ್ನು ಬೈದೆ, ಮೈಸೂರಿನ ನಮ್ಮ ಸೋದರತ್ತೆಯ ಜಗಳಗಳನ್ನು ವರದಿ ಮಾಡಿದೆ, ಹುಳಿಗೆ ಹಾಕುವ ಒಳ್ಳೆಯ ನುಗ್ಗೆಕಾಯಿ ಸಿಗದ ಸಂಕಟ ತೋಡಿಕೊಂಡೆ. ಅವರು ಎಡಗೈಯಲ್ಲಿ ಸೊಟ್ಟಸೊಟ್ಟಗೆ ನೀರು ಬರೆಯುತ್ತಾ ನಡುನಡುವೆ ಒಂದೊಂದು ಸಾಲು ಹೇಳುತ್ತಿದ್ದರು. ಲೀಸಾ ಬರೆದುಕೊಳ್ಳುತ್ತಿದ್ದಳು. ನಿಂತಿದ್ದ ಕವಿತೆ ಮರಳಿ ಬಂದಿತ್ತು, ಅದೇ ಅಜ್ಜಿಯರ ಡಚ್ಚಿನಲ್ಲಿ. ಅವರ ಊರಿನ ಸಣ್ಣ ಪ್ರಕಾಶನವೊಂದು ಅದನ್ನು ಪುಸ್ತಕ ಮಾಡಿತು. ಈಗ ಯಾರೂ ಆಡದ ಮಾತು ಎಂದು ಹಿಂದೆ ತಳ್ಳಿದ್ದನ್ನೇ, ಈಗ ಯಾರೂ ಆಡದ ಮಾತು ಎಂದು ಜನ ಹುಡುಕಿ ಓದಿದರಂತೆ.

ಪುಸ್ತಕ ಕೈಗೆ ಬಂದ ದಿನ ನಾವೆಲ್ಲ ಕಣ್ಣೀರಿಗೆ ಕಾಯುತ್ತಾ ನಿಂತಿದ್ದೆವು. ಮರೈಕಕ್ಕ ಪೆನ್ಸಿಲ್ ಕೇಳಿ, ಮೊದಲ ಪುಟದಲ್ಲೇ ಒಂದು ಪದವನ್ನು ಹೊಡೆದುಹಾಕಿದರು. ಅದಾಗಿ ಎಲೆ ಉದುರುವ ಕಾಲಕ್ಕೆ ಹೊರಟುಹೋದರು. ಲೀಸಾ ಬೂದಿಯನ್ನು ಊರಿನ ಕಾಲುವೆಗೆ ಒಯ್ದಳು. ಮುಂದಿನ ಶನಿವಾರ ನಾನು ಅಭ್ಯಾಸಬಲದಿಂದ ಅವರ ಗೇಟಿನವರೆಗೆ ಹೋಗಿ, ಚಿಲಕ ಮುಟ್ಟಿ, ಹಿಂದಿರುಗಿ ಬಂದೆ.

ಈಗ ಆ ಮನೆಗೆ ಪೋಲೆಂಡಿನ ಸಂಸಾರವೊಂದು ಬಂದಿದೆ. ಟ್ಯೂಬಿನಲ್ಲಿ ಆ ಹುಡುಗಿಯನ್ನು ಹೆದರಿಸಿದ ದಿನವೇ ಸಂಜೆ, ಅಲ್ಲಿನ ಅಜ್ಜಿ ಬೇಲಿಯ ಮೇಲಿಂದ ಉಪ್ಪಿನಕಾಯಿಯ ಬಾಟಲಿಯೊಂದನ್ನು ನನ್ನ ಕೈಗಿಟ್ಟು, ನಮ್ಮ ಮನೆ ಕಡೆ ಬೆರಳು ಮಾಡಿ ಪೋಲಿಷಿನಲ್ಲಿ ಬಹಳ ಹೊತ್ತು ಏನೋ ಹೇಳಿದರು. ನಾನು ತಲೆಯಾಡಿಸಿ ಒಳಗೆ ಬಂದೆ.

“ಏನಂದಳ್ರೀ ಆ ಅಜ್ಜಿ?” ಗಿರಿಜಾ ಒಲೆಯ ಮುಂದಿನಿಂದ ಕೇಳಿದಳು.

ನಾಲಿಗೆಯ ತುದಿಗೆ ಎರಡು ಮೂರು ವ್ಯಾಖ್ಯಾನಗಳು ಬಂದವು. ಒಂದರಲ್ಲಂತೂ ಯುದ್ಧ, ವಲಸೆ, ಉಪ್ಪು ಮೂರೂ ಇದ್ದವು.

“ಗೊತ್ತಿಲ್ಲ,” ಎಂದೆ. “ಶನಿವಾರ ಅವರ ಮೊಮ್ಮಗಳು ಬರ್ತಾಳೆ. ಕೇಳೋಣ.”

ಗಿರಿಜಾ ಉರಿ ಸಣ್ಣ ಮಾಡಿ, ಸೆರಗಿಗೆ ಕೈ ಒರೆಸಿಕೊಂಡು ಬಂದು, ಜ್ವರವಿದೆಯೇ ಎಂದು ನನ್ನ ಹಣೆ ಮುಟ್ಟಿ ನೋಡಿದಳು.