ಹೆಪ್ಪು ಕೇಳಲು ಬರುತ್ತಿದ್ದ ಅಜ್ಜಿ

ಅವರ ಬಲಗೈಯ ಕಿರುಬೆರಳು ನೆಟ್ಟಗಾಗುತ್ತಿರಲಿಲ್ಲ. ಮಗ್ಗದ ಲಾಳಿ ಬಡಿದು ಬಾಗಿದ್ದ ಆ ಬೆರಳನ್ನೇ ಕಾಸಿದ ಹಾಲಿಗೆ ಅದ್ದಿ, "ಈಗ ಹದ, ಹೆಪ್ಪಾಕು" ಎನ್ನುತ್ತಿದ್ದರು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಎದುರು ಮನೆಯ ಅಜ್ಜಿ ಅವರು.

ನಾನು ಖಿನ್ನತೆಗೆ ಬಿದ್ದ ವರ್ಷ, ಏಕೆಂದು ಕೇಳಿದವರಿಗೆ ಹೇಳಲು ನನ್ನಲ್ಲಿ ಕಾರಣವಿರಲಿಲ್ಲ. ಡಾಕ್ಟರು ಮಾತ್ರೆ ಕೊಟ್ಟಿದ್ದರು. ಗಂಡ ಮಗ್ಗದ ಶೆಡ್ಡಿಗೆ ಹೋದ ಮೇಲೆ ಗೋಡೆ ನೋಡುತ್ತ ಮಲಗಿರುತ್ತಿದ್ದೆ. ಅಜ್ಜಿ ಕಾರಣ ಕೇಳಲಿಲ್ಲ. ಒಂದು ಬಟ್ಟಲು ಮೊಸರು ತಂದಿಟ್ಟರು.

"ಇದ್ರಲ್ಲಿ ಹೆಪ್ಪಾಕ್ಕೊ. ನಮ್ಮನೇಲಿ ಎಲ್ಲಾ ಹೊಟ್ಟೆಬಾಕ್ರು, ಹೆಪ್ಪಿಗೂ ಉಳ್ಸಲ್ಲ. ನಾಳೆಯಿಂದ ನಿನ್ ಹತ್ರಾನೇ ಇಸ್ಕೊತೀನಿ."

ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಹೆಪ್ಪು ಕೊಡುವುದಿಲ್ಲ. ಹಾಗಾಗಿ ದಿನವೂ ಬೆಳಕಿರುವಾಗಲೇ ಲೋಟ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದರು. "ಏಳೇ ತಾಯಿ, ಹೊತ್ತು ಮುಳುಗಿದ್ರೆ ನನ್ ಸೊಸೆ ನನ್ನೇ ಕಡೆದು ಮಜ್ಜಿಗೆ ಮಾಡ್ತಾಳೆ!" ನಾನು ಏಳಲೇಬೇಕಿತ್ತು. ಮೊಸರನ್ನ ಉಣ್ಣತೊಡಗಿದೆ. ಸ್ವಲ್ಪ ಹಗುರವಾಯಿತು.

ಆಗಲೇ ತಪ್ಪು ಮಾಡಿದೆ. ಮೊಸರಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಖಿನ್ನತೆಯನ್ನೂ ಇಳಿಸುತ್ತದೆ ಎಂಬ ವಿಡಿಯೋ ಫೋನಿನಲ್ಲಿ ಕಂಡಿತು. ಯಾರಿಗೂ ಹೇಳದೆ ಮಾತ್ರೆ ಬಿಟ್ಟೆ. ಮೂರನೆಯ ವಾರ ಒಂದು ಸಂಜೆ ಅಜ್ಜಿ ಕರೆದರೂ ಬಾಗಿಲು ತೆಗೆಯಲಿಲ್ಲ. ಗಂಡ ಬರುವವರೆಗೂ ಅವರು ಜಗುಲಿ ಬಿಟ್ಟು ಕದಲಲಿಲ್ಲ. ಒಳಗೆ ಬಂದವರೇ ದಿಂಬಿನ ಪಕ್ಕ ಒಡೆಯದ ಮಾತ್ರೆಯ ಪಟ್ಟಿ ನೋಡಿದರು.

"ಮೊಸ್ರು ಕೊಟ್ಟೋಳು ನಾನು. ಮಾತ್ರೆ ಬಿಡು ಅಂದಿದ್ನೇನೇ?" ಬೈಯುತ್ತಲೇ ಪಟ್ಟಿಯನ್ನು ನನ್ನ ಗಂಡನ ಕೈಗೆ ಕೊಟ್ಟರು.

ಮರುದಿನ ನಮ್ಮ ಜೊತೆ ಆಸ್ಪತ್ರೆಗೆ ತಾವೂ ಬಂದರು. "ತಪ್ಪು ನಂದಾ ಸಾರ್?" ಎಂದು ನೇರವಾಗಿ ಕೇಳಿದರು.

"ಇಲ್ಲ ಅಜ್ಜಿ. ಮೊಸರು ತಿನ್ನಲಿ, ಒಳ್ಳೇದೇ. ಹೊಟ್ಟೆಗೂ ಮನಸ್ಸಿಗೂ ನಂಟಿದೆ ಅಂತ ಸಂಶೋಧನೆ ನಡೀತಿದೆ, ಇನ್ನೂ ಗಟ್ಟಿಯಾಗಿ ಹೇಳೋಕಾಗಲ್ಲ. ಆದ್ರೆ ಮಾತ್ರೆನ ನಾನು ಹೇಳದೆ ನಿಲ್ಲಿಸಬಾರದು," ಎಂದರು ಡಾಕ್ಟರು.

ಅಂದಿನಿಂದ ಬಾಗಿಲಲ್ಲಿ ಹೊಸ ಮಾತು: "ಮೊದ್ಲು ಮಾತ್ರೆ ಪಟ್ಟಿ ತೋರ್ಸು. ಆಮೇಲೆ ಹೆಪ್ಪು."

ನಾನು ಉಳಿದೆ. ಯಾವುದರಿಂದ ಎಷ್ಟು ಎಂದು ಅಳೆದು ಹೇಳಲಾರೆ.

ಕಳೆದ ಚಳಿಗಾಲದಲ್ಲಿ ಅಜ್ಜಿ ತೀರಿಕೊಂಡರು. ಸೂತಕವೆಂದು ಆ ಮನೆಯ ಹಾಲು ಮೊಸರನ್ನೆಲ್ಲ ಚೆಲ್ಲಿದ್ದರು. ಕಾರ್ಯ ಮುಗಿದ ಸಂಜೆ, ದೀಪ ಹಚ್ಚುವ ಮುಂಚೆ, ಸೊಸೆ ಅದೇ ಲೋಟ ಹಿಡಿದು ಬಂದಳು.

"ಅಕ್ಕಾ, ನಮ್ಮನೇಲಿ ಯಾವತ್ತೂ ಮೊಸ್ರಿಗೆ ಬರ ಇರ್ಲಿಲ್ಲ. ಅತ್ತೆ ಸುಮ್ನೆ ಬರೋರು. ಇವತ್ತು ನಿಜವಾಗ್ಲೂ ಇಲ್ಲ, ಚೂರು ಹೆಪ್ಪು ಕೊಡಿ."

ಹೆಪ್ಪಿಗೆ ಒಂದು ಚಮಚ ಸಾಕು. ನಾನು ಲೋಟ ತುಂಬಿಸಿ ಕೊಟ್ಟೆ.